ಒಂದು ರಾತ್ರಿಯ ಆಚೆ ಈಚೆ

ನೇವಿಗೆ ಅರ್ಜಿ ಹಾಕುತ್ತೀಯಂತೆ. ಮಾಲಂಗಿ ಮಡುವಿನಲ್ಲಿ ಈಜಿದವನಿಗೆ ಸಮುದ್ರ ಯಾವ ಲೆಕ್ಕ ಅಂತ ನಿನ್ನಮ್ಮನ ಮುಂದೆ ಎದೆ ತಟ್ಟಿಕೊಂಡೆಯಂತೆ. ಈಜು ಚೆನ್ನಾಗಿದೆ, ಒಪ್ಪಿದೆ. ಮುಡುಕುತೊರೆಯ ಹೊಳೆದಂಡೆಯಲ್ಲಿ ಬೆಳೆದವನಿಗೆ ಈಜು ಬರದಿದ್ದರೆ ಅದು ಸುದ್ದಿ. ಆದರೆ ಮಗಾ, ಕಾವೇರಿಯಲ್ಲಿ ಎಲ್ಲಿ ತಲೆ ಎತ್ತಿದರೂ ದಡ ಕಾಣುತ್ತದೆ, ಮೇಲೆ ಬೆಟ್ಟದ ಮಲ್ಲಿಕಾರ್ಜುನನ ಗುಡಿ ಕಾಣುತ್ತದೆ. ಸಮುದ್ರದಲ್ಲಿ ಏನೂ ಕಾಣುವುದಿಲ್ಲ. ಏನೂ ಕಾಣದ ಕಡೆ ವಾರಗಟ್ಟಲೆ, ತಿಂಗಳುಗಟ್ಟಲೆ ಇರಬಲ್ಲೆಯಾ? ಅದಕ್ಕೆ ತೋಳಿನ ಬಲ ಸಾಲದು.

ಮೊಬೈಲಿನಲ್ಲಿ ನೀನು ತೋರಿಸಿದ ಕರಾಚಿ ದಾಳಿಯ ವಿಡಿಯೊ ನೋಡಿದೆ. ಕ್ಷಿಪಣಿ ಹಾರುತ್ತದೆ, ಹಡಗು ಉರಿಯುತ್ತದೆ, ಹಿಂದೆ ಡೋಲು ಬಡಿಯುತ್ತಾರೆ, ಅರ್ಧ ನಿಮಿಷಕ್ಕೆ ಎಲ್ಲ ಮುಗಿಯುತ್ತದೆ. ಆ ಕೆಲಸ ಮಾಡಿದವರಲ್ಲಿ ಒಬ್ಬರ ಹೆಸರು ಹೇಳು ಅಂದರೆ ಕಣ್ಣು ಪಿಳಿಪಿಳಿ ಬಿಟ್ಟೆ. ನಾನು ಹೇಳುತ್ತೇನೆ, ಫೋನು ಪಕ್ಕಕ್ಕಿಟ್ಟು ಕೇಳು.

ಕಾಸರಗೋಡು ಪಟ್ಣಶೆಟ್ಟಿ ಗೋಪಾಲ ರಾವ್. ನಮ್ಮ ಕಾಸರಗೋಡು ಅವರ ಹೆಸರಿನ ಮೊದಲಿಗೇ ಕೂತಿದೆ. 1926ರ ನವೆಂಬರ್ 13ರಂದು ಹುಟ್ಟಿದವರು, 1950ರಲ್ಲಿ ನೌಕಾಪಡೆ ಸೇರಿದವರು. ಪಾಕಿಸ್ತಾನದ ಜೊತೆ ಯುದ್ಧ ನಡೆದಾಗ, 1971ರ ಡಿಸೆಂಬರ್ 4ರ ರಾತ್ರಿ, ಕರಾಚಿಯ ಮೇಲೆ ಹೋದ ಸಣ್ಣ ದಂಡಿಗೆ ಅವರೇ ಮುಂದಾಳು. ನಿಪಾತ್, ನಿರ್ಘಾತ್, ವೀರ್ ಅನ್ನುವ ಮೂರು ಕ್ಷಿಪಣಿ ದೋಣಿಗಳು, ಜೊತೆಗೆ ಕಿಲ್ತಾನ್, ಕಚ್ಚಲ್ ಅನ್ನುವ ಎರಡು ಹಡಗುಗಳು. ರಾವ್ ಇದ್ದದ್ದು ಕಿಲ್ತಾನ್ ಮೇಲೆ. ರಷ್ಯಾದವರು ಆ ದೋಣಿಗಳನ್ನು ಕಟ್ಟಿದ್ದು ದಡದ ಹತ್ತಿರವೇ ಇದ್ದು ಕಾವಲು ಕಾಯುವುದಕ್ಕೆ. ದೂರ ಹೋಗುವಷ್ಟು ಎಣ್ಣೆ ಅವುಗಳ ಹೊಟ್ಟೆಯಲ್ಲಿ ಹಿಡಿಸುತ್ತಿರಲಿಲ್ಲ. ಅದಕ್ಕೇ ಸ್ವಲ್ಪ ದೂರ ಅವನ್ನು ಹಗ್ಗ ಕಟ್ಟಿ ಎಳೆದುಕೊಂಡೇ ಹೋದರು. ಅಂಥ ದೋಣಿಗಳು ಆ ರಾತ್ರಿ ಖೈಬರ್ ಅನ್ನುವ ಯುದ್ಧನೌಕೆಯನ್ನು, ಮುಹಾಫಿಜ್ ಅನ್ನುವ ಮೈನು ತೆಗೆಯುವ ಹಡಗನ್ನು ಮುಳುಗಿಸಿದವು. ಕರಾಚಿ ಬಂದರಿನ ಕೆಮಾರಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ನಮ್ಮ ಕಡೆ ಒಂದು ಜೀವವೂ ಹೋಗಲಿಲ್ಲ. ರಾವ್ ಅವರಿಗೂ ದೋಣಿಗಳ ಮುಖ್ಯಸ್ಥ ಬಬ್ರು ಭಾನ್ ಯಾದವ್ ಅವರಿಗೂ ಮಹಾವೀರ ಚಕ್ರ ಬಂತು. ಡಿಸೆಂಬರ್ 4 ನೌಕಾಪಡೆಯ ದಿನವಾಯಿತು.

ಒಂದು ಮಾತು ಗಮನಿಸು. ಕ್ಷಿಪಣಿ ಹಾರಿಸಿದ್ದು ದೋಣಿಗಳು, ಕಿಲ್ತಾನ್ ಅಲ್ಲ. ಮುಂದಾಳಿನ ಪಾಲಿಗೆ ಬಂದದ್ದು ದಂಡನ್ನು ದಾರಿ ತಪ್ಪದೆ ಶತ್ರುವಿನ ಬಾಗಿಲಿಗೆ ಒಯ್ಯುವುದು, ಒಯ್ದವರನ್ನು ವಾಪಸು ಕರೆತರುವುದು. ನೀನಾದರೆ ಗುಂಡಿ ಒತ್ತುವವನು ನಾನೇ ಆಗಬೇಕು ಅಂತ ಜಗಳ ತೆಗೆಯುತ್ತಿದ್ದೆ. ಕ್ರಿಕೆಟ್ಟಿನಲ್ಲೂ ನಿನ್ನದು ಅದೇ ಹಟ, ಬ್ಯಾಟು ಕೈಗೆ ಬರದಿದ್ದರೆ ಮನೆಗೆ ಬಂದುಬಿಡುತ್ತೀಯ.

ಈಗ ಲೆಕ್ಕ ಹಾಕು. ಲೆಕ್ಕದಲ್ಲಿ ನೀನು ಚುರುಕು, ಆತುರಕ್ಕೆ ಬಿದ್ದು ತಪ್ಪುತ್ತೀಯ ಅಷ್ಟೆ. 1950ರಿಂದ 1971ಕ್ಕೆ ಇಪ್ಪತ್ತೊಂದು ವರ್ಷ. ಆ ರಾತ್ರಿ ಅವರ ವಯಸ್ಸು ನಲವತ್ತೈದು. ತೀರಿಕೊಂಡದ್ದು 2021ರ ಆಗಸ್ಟ್ 9ರಂದು, ಚೆನ್ನೈಯಲ್ಲಿ, ತೊಂಬತ್ತನಾಲ್ಕು ತುಂಬಿದ ಮೇಲೆ. ಅಂದರೆ ಆ ರಾತ್ರಿಗೆ ಮೊದಲು ಇಪ್ಪತ್ತೊಂದು ವರ್ಷದ ಚಾಕರಿ, ಆಮೇಲೆ ಹೆಚ್ಚೂಕಡಿಮೆ ಐವತ್ತು ವರ್ಷದ ಬಾಳು. ಮನೆ, ಸಂಸಾರ, ಮುಪ್ಪು ಎಲ್ಲ ಅದರಲ್ಲಿ ಸೇರಿತ್ತು. ನೀನು ಮಾರುಹೋಗಿರುವುದು ನಡುವಿನ ಆ ಒಂದು ರಾತ್ರಿಗೆ. ನಮ್ಮ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಕೊಂಬಿನ ಬಣ್ಣ ನೋಡಿ ದುಡ್ಡು ಬಿಚ್ಚುತ್ತಾನೆಯೇ? ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ. ನೀನೂ ಹಾಗೆ ನೋಡು.

ಅಂಥ ಚಾಕರಿಯ ವರ್ಷಗಳು ಎಂಥವು ಅಂತ ನಮ್ಮಣ್ಣನ ಬಾಯಲ್ಲಿ ಕೇಳಿದ್ದೇನೆ. ಅವನು ನೇವಿಯಲ್ಲಿ ಎಂಜಿನ್ ಕೋಣೆಯ ಕೆಲಸದವನು. ನಾಲ್ಕು ಗಂಟೆಗೊಮ್ಮೆ ಪಾಳಿ ಬದಲು, ನಡುರಾತ್ರಿ ಎಬ್ಬಿಸಿದರೆ ಎದ್ದು ಹೋಗಬೇಕು. ಅದೇ ಮೀಟರು, ಅದೇ ಎಣ್ಣೆ ವಾಸನೆ, ಅದೇ ಒರೆಸುವುದು. ನೂರು ದಿನ ಏನೂ ಆಗುವುದಿಲ್ಲ, ನೂರೊಂದನೆಯ ದಿನ ಆಗುವುದನ್ನು ಹಿಡಿಯಬೇಕು ಅಂತಿದ್ದ. ನಿನ್ನನ್ನು ಬೆಳಿಗ್ಗೆ ಎಬ್ಬಿಸಲು ನಿನ್ನಮ್ಮ ಮೂರು ಸಲ ಕೂಗಬೇಕು. ಇಂದಿನಿಂದಲೇ ಒಂದು ಕೂಗಿಗೆ ಏಳು. ನೇವಿಯವರು ಎರಡನೆಯ ಸಲ ಕೂಗುವುದಿಲ್ಲ.

ಇಂಗ್ಲಿಷ್ ಬರುವುದಿಲ್ಲ, ಹಿಂದಿ ಬರುವುದಿಲ್ಲ ಅಂತ ಹೆದರುತ್ತೀಯಲ್ಲ, ಆ ಹೆದರಿಕೆ ಬಿಡು. ಆ ಕ್ಷಿಪಣಿ ದೋಣಿಗಳ ನಮ್ಮ ಹುಡುಗರು ರಷ್ಯಾಕ್ಕೆ ಹೋಗಿ, ರಷ್ಯನ್ ಭಾಷೆಯನ್ನೇ ಕಲಿತು, ದೋಣಿ ನಡೆಸುವುದನ್ನು ಕಲಿತರು. ಯುದ್ಧದಲ್ಲಿ ಶತ್ರುವಿಗೆ ತಿಳಿಯದಿರಲಿ ಅಂತ ರೇಡಿಯೊದಲ್ಲಿ ರಷ್ಯನ್ನಿನಲ್ಲೇ ಮಾತಾಡಿಕೊಂಡರು. ಊರಿನಿಂದ ಹೊರಡುವಾಗ ಅವರಿಗೂ ಆ ಭಾಷೆಯ ಒಂದಕ್ಷರ ಬರುತ್ತಿರಲಿಲ್ಲ.

ಇನ್ನೊಂದನ್ನು ಮುಚ್ಚಿಡದೆ ಹೇಳಬೇಕು. ಕರಾಚಿಯ ಆ ರಾತ್ರಿಯಾದ ಐದೇ ದಿನಕ್ಕೆ, ಡಿಸೆಂಬರ್ 9ರಂದು, ದಿಯು ಹತ್ತಿರ ಖುಕ್ರಿ ಅನ್ನುವ ನಮ್ಮ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರ ಜೊತೆಗೇ ಹೋದರು. ನಮಗೆ ಸುದ್ದಿ ಬಂದದ್ದು ರೇಡಿಯೊದಲ್ಲಿ. ಅಣ್ಣ ಆಗ ಯಾವ ಹಡಗಿನಲ್ಲಿದ್ದಾನೆ ಅಂತ ಮನೆಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಹೆಸರು ಬರೆದಿದ್ದ ಕಾಗದವನ್ನು ಅಪ್ಪ ಎಲ್ಲೋ ಇಟ್ಟು ಮರೆತಿದ್ದ. ಅವ್ವ ರಾತ್ರಿಯೂಟ ಬಿಟ್ಟಳು. ಅಪ್ಪ ದಿನಾ ಬೆಳಿಗ್ಗೆ ತಲಕಾಡಿನ ದಾರಿಯಲ್ಲಿ ನಿಂತು ಅಂಚೆಯವನನ್ನು ಕಾಯುತ್ತಿದ್ದ. ಬಂದವನು ದೂರದಿಂದಲೇ ಕೈ ಅಲ್ಲಾಡಿಸಿ ಇಲ್ಲ ಅನ್ನುತ್ತಿದ್ದ. ಕೊನೆಗೊಂದು ದಿನ ಕಾರ್ಡು ಬಂತು. ನಾಲ್ಕೇ ಸಾಲು. ಕ್ಷೇಮ, ಕೆಂದ ಹಸು ಕರು ಹಾಕಿತೇ, ಹಾಕಿದ್ದರೆ ಹೆಣ್ಣೋ ಗಂಡೋ ಬರೆಯಿರಿ ಅಂತ. ಅವ್ವ ಅದನ್ನು ನನ್ನಿಂದ ಎಷ್ಟು ಸಲ ಓದಿಸಿದಳೋ.

ಆ 194 ಮನೆಗಳಿಗೆ ಅಂಥ ಕಾರ್ಡು ಬರಲಿಲ್ಲ. ರಾವ್ ಅವರಿಗೆ ಸಿಕ್ಕ ತೊಂಬತ್ತನಾಲ್ಕು ವರ್ಷ ಕೇಳಿದವರಿಗೆಲ್ಲ ಸಿಗುವಂಥದ್ದಲ್ಲ. ಇದನ್ನು ತಿಳಿದುಕೊಂಡೇ ಹೋಗು. ಹೋದ ಮೇಲೆ ಮನೆಗೆ ಫೋನು ಮಾಡುವುದನ್ನು ಮರೆಯಬೇಡ. ನಿನ್ನ ಹಡಗಿನ ಹೆಸರು ನಿನ್ನಮ್ಮನಿಗೆ ಬಾಯಿಪಾಠ ಆಗಿರಬೇಕು.

ಸಂಸಾರದ ಮಾತೂ ಹೇಳಿಬಿಡುತ್ತೇನೆ, ಈಗಲೇ ಯಾಕೆ ಅಂತ ನಾಚಬೇಡ. ಅಣ್ಣ ಹದಿನೈದು ವರ್ಷ ಮುಗಿಸಿ ಬಂದಾಗ ಅತ್ತಿಗೆ ಮನೆ, ಗದ್ದೆ, ಮಕ್ಕಳ ಸ್ಕೂಲು, ಸೊಸೈಟಿ ಸಾಲ ಎಲ್ಲ ಒಬ್ಬಳೇ ತೂಗಿಸಿಕೊಂಡು ಬಂದಿದ್ದಳು. ಬಂದ ಹೊಸದರಲ್ಲಿ ಇವನು ಹಡಗಿನಲ್ಲಿದ್ದ ಹಾಗೆ ಹುಕುಂ ಮಾಡಲು ಹೊರಟ. ಅವಳು ಜಗಳವಾಡಲಿಲ್ಲ, ಸುಮ್ಮನೆ ತನ್ನ ಕೆಲಸ ಮಾಡಿಕೊಂಡಳು. ಸ್ವಲ್ಪ ದಿನದಲ್ಲಿ ಅವನಿಗೇ ಅರ್ಥವಾಯಿತು. ಇವತ್ತು ನಾನೇನು ಮಾಡಲಿ ಅಂತ ಬೆಳಿಗ್ಗೆ ಅವಳನ್ನು ಕೇಳಲು ಶುರು ಮಾಡಿದ. ಅವಳು ಹೇಳಿದಂತೆ ರೇಷನ್ ತಂದ, ಪಂಪ್‌ಸೆಟ್ ರಿಪೇರಿ ಮಾಡಿದ, ಹಿರಿಮಗಳಿಗೆ ಸೈಕಲ್ ಕಲಿಸಿದ. ನನ್ನ ಕಣ್ಣಿಗೆ ಅವನ ಎಲ್ಲ ಮೆಡಲುಗಳಿಗಿಂತ ಅದು ದೊಡ್ಡದಾಗಿ ಕಂಡಿತು. ಮನೆಯಲ್ಲಿ ನೀನು ತಟ್ಟೆ ಎತ್ತದೆ ಎದ್ದು ಹೋಗುವುದನ್ನು ನೋಡಿದಾಗೆಲ್ಲ ನನಗೆ ಇದು ನೆನಪಾಗುತ್ತದೆ.

ನಿನ್ನ ಕಾಲದ ಲೆಕ್ಕ ಬೇರೆ. ಅಗ್ನಿವೀರನಾದರೆ ಚಿಲ್ಕಾದಲ್ಲಿ ತರಬೇತಿ, ಒಟ್ಟು ನಾಲ್ಕು ವರ್ಷ. ಆಮೇಲೆ ನೂರಕ್ಕೆ ಹೆಚ್ಚೆಂದರೆ 25 ಜನರನ್ನು ಉಳಿಸಿಕೊಳ್ಳುತ್ತಾರೆ. ಉಳಿದರೆ ಸಂತೋಷ, ಉಳಿಯದಿದ್ದರೂ ಊರಿಗೆ ಬಂದು ಕಟ್ಟೆ ಮೇಲೆ ಕೂರಬಾರದು. ಎಂಜಿನ್ನೋ ವಯರಿಂಗೋ ಅಡುಗೆಯೋ, ಕೊಟ್ಟ ಕೆಲಸವನ್ನು ಅನ್ನ ಹುಟ್ಟುವಷ್ಟು ಕಲಿತುಕೊಂಡು ಬಾ.

ಅರ್ಜಿ ಹಾಕುವ ಮೊದಲು ಒಮ್ಮೆ ಕಾರವಾರಕ್ಕೆ ಹೋಗು. ಅಲ್ಲಿ ಟ್ಯಾಗೋರ್ ಕಡಲತೀರದಲ್ಲಿ ಚಪಲ್ ಅನ್ನುವ ಕ್ಷಿಪಣಿ ದೋಣಿಯನ್ನು ದಡಕ್ಕೆ ತಂದು ಮ್ಯೂಸಿಯಂ ಮಾಡಿದ್ದಾರೆ. ಅದು 1976ರಲ್ಲಿ ನೌಕಾಪಡೆ ಸೇರಿದ್ದು, ಕರಾಚಿಗೆ ಹೋದ ದೋಣಿಗಳ ಜಾತಿಯದ್ದೇ. ನಲವತ್ತು ಮೀಟರಿಗೂ ಕಡಿಮೆ ಉದ್ದ. ಹೊರಗೆ ನಿಂತು ಸೆಲ್ಫಿ ತೆಗೆದುಕೊಂಡು ಬಂದುಬಿಡಬೇಡ. ಒಳಗೆ ಇಳಿ, ಆ ಇಕ್ಕಟ್ಟಿನಲ್ಲಿ ಸ್ವಲ್ಪ ಹೊತ್ತು ನಿಲ್ಲು, ಮಲಗುವ ಜಾಗ ನೋಡು. ನೋಡಿದ ಮೇಲೂ ಮನಸ್ಸು ಬದಲಾಗದಿದ್ದರೆ ಅರ್ಜಿಯ ದುಡ್ಡು ನಾನು ಕೊಡುತ್ತೇನೆ. ಹೋಗುವಾಗ ನಿನ್ನಮ್ಮನನ್ನೂ ಕರೆದುಕೊಂಡು ಹೋಗು, ಮಗ ಎಲ್ಲಿರುತ್ತಾನೆ ಅಂತ ಅವಳೂ ನೋಡಲಿ.