ಮನೆಯ ಹಿರಿಯರಿಗೆ ಅಂಗವಿಕಲತೆಯ ಪತ್ರ ಮತ್ತು ಮಾಸಾಶನ

ವಿದ್ಯಾರ್ಥಿವೇತನದ ಅರ್ಜಿಯ ಜೊತೆ ಶಾಲೆಯ ಹಾಜರಾತಿ ಪತ್ರವನ್ನೂ ನಾವು ಕೇಳುತ್ತೇವೆ. ಹಾಜರಾತಿ ಕಡಿಮೆಯಿದ್ದರೆ ಪಾಲಕರನ್ನು ಕರೆದು ವಿಚಾರಿಸುತ್ತೇವೆ. ರಾಯಚೂರು ನಗರವಿರಲಿ, ದೇವದುರ್ಗ, ಮಾನ್ವಿಯ ಹಳ್ಳಿಗಳಿರಲಿ, ಒಂದು ಉತ್ತರ ಮತ್ತೆ ಮತ್ತೆ ಬರುತ್ತದೆ: ದಾದಿಗೆ ಲಕ್ವಾ ಹೊಡೆದಿದೆ, ಅಮ್ಮಿ ಹತ್ತಿ ಬಿಡಿಸಲು ಹೋಗುತ್ತಾರೆ, ನೋಡಿಕೊಳ್ಳಲು ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಹುಡುಗ ಉಳಿದನೆಂಬ ಉತ್ತರ ಅಪರೂಪ. ಇಂಥ ಮನೆಯ ಹುಡುಗಿಯ ಫೀ ನಾವು ಕಟ್ಟಿದರೂ ಅವಳು ಶಾಲೆ ತಪ್ಪಿಸುವುದು ನಿಲ್ಲುವುದಿಲ್ಲ. ಆದ್ದರಿಂದ ಈ ಸಲದ ವರದಿಯಲ್ಲಿ ಹಿರಿಯರಿಗೆ ಸಲ್ಲಬೇಕಾದ ಸವಲತ್ತುಗಳ ವಿಷಯ ತಿಳಿಸುತ್ತಿದ್ದೇವೆ.

ಮೊದಲಿಗೆ ಒಂದು ಸಂಕೋಚದ ಮಾತು. 'ತಂದೆ-ತಾಯಿಯ ಖಿದ್ಮತ್ ಮಕ್ಕಳ ಫರ್ಜ್, ಅದಕ್ಕೆ ಸರ್ಕಾರದ ಮುಂದೆ ಕೈ ಚಾಚುವುದೇ?' ಎಂದು ಕೇಳುವವರಿದ್ದಾರೆ. ಫರ್ಜ್ ಹೌದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಸಾಶನವು ಖೈರಾತ್ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯು ಸಾಮಾಜಿಕ ಭದ್ರತೆಯನ್ನು ಹಕ್ಕುಗಳ ಸಾಲಿನಲ್ಲೇ ಇಟ್ಟಿದೆ. ಆ ಹಣದಲ್ಲಿ ತಾಯಿಯ ಔಷಧಿ ಬಂದರೆ ಮಗನ ಫರ್ಜ್ ಕಡಿಮೆಯಾಗುವುದಿಲ್ಲ.

ಯಾರಿಗೆ ಸಿಗುತ್ತದೆ? ವಯಸ್ಸಾಯಿತು, ಮೊಣಕಾಲು ನೋಯುತ್ತದೆ ಎಂದ ಮಾತ್ರಕ್ಕೆ ಪತ್ರ ಸಿಗುವುದಿಲ್ಲ. ಕಾಯ್ದೆಯಲ್ಲಿ 21 ಬಗೆಯ ಅಂಗವಿಕಲತೆಗಳಿವೆ. ನಮ್ಮ ಹಿರಿಯರಿಗೆ ಸಂಬಂಧಿಸಿದವು ಮುಖ್ಯವಾಗಿ ನಾಲ್ಕು: ಲಕ್ವಾ, ಮೂಳೆ ಮುರಿತ ಮುಂತಾದವುಗಳಿಂದ ಬಂದ ಚಲನೆಯ ತೊಂದರೆ, ದೃಷ್ಟಿದೋಷ, ಕಿವುಡುತನ ಮತ್ತು ಕೈಕಾಲು ನಡುಗುವ ಪಾರ್ಕಿನ್ಸನ್ ಕಾಯಿಲೆ. ಕಣ್ಣಿನ ಪೊರೆಯಿದ್ದರೆ ಮೊದಲು ಶಸ್ತ್ರಚಿಕಿತ್ಸೆ ಮಾಡಿಸಿ ಎನ್ನುತ್ತಾರೆ, ಅದು ಸರಿಯೇ. ಲಕ್ವಾ ಹೊಡೆದ ಮರುವಾರವೇ ಪತ್ರಕ್ಕೆ ಓಡಬೇಡಿ. ಔಷಧಿ, ವ್ಯಾಯಾಮದಿಂದ ಎಷ್ಟು ಸುಧಾರಿಸುತ್ತದೆಂದು ನೋಡಲು ವೈದ್ಯರು ಸುಮಾರು ಆರು ತಿಂಗಳು ಕಾಯುತ್ತಾರೆ. ಆ ಅವಧಿಯ ಚೀಟಿ, ಸ್ಕ್ಯಾನ್, ಡಿಸ್ಚಾರ್ಜ್ ಕಾರ್ಡು ಎಲ್ಲವನ್ನೂ ಒಂದು ಚೀಲದಲ್ಲಿ ಜೋಪಾನವಾಗಿಡಿ. ಮುಂದೆ ಮಾತಾಡುವುದು ಆ ಕಾಗದಗಳೇ.

ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲಿನಲ್ಲಿ ಹಾಕಬೇಕು. ಆಧಾರ್, ಭಾವಚಿತ್ರ, ವಿಳಾಸದ ಪುರಾವೆ ಬೇಕು. ಇದರಿಂದ ಬರುವುದೇ ಯು.ಡಿ.ಐ.ಡಿ. ಕಾರ್ಡು. ಹಳ್ಳಿಯವರು ಇದಕ್ಕಾಗಿ ಏಜೆಂಟರಿಗೆ ದುಡ್ಡು ಕೊಡಬೇಕಾಗಿಲ್ಲ. ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಎಂದು ಕರೆಯುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ಎಂ.ಆರ್.ಡಬ್ಲ್ಯೂ., ನಗರದಲ್ಲಿ ಯು.ಆರ್.ಡಬ್ಲ್ಯೂ. ಇದ್ದಾರೆ. ಇದು ಅವರದೇ ಕೆಲಸ. ಹತ್ತನೆಯ ತರಗತಿ ಮುಗಿಸಿದ ನಮ್ಮ ವಿದ್ಯಾರ್ಥಿಗಳೂ ಮೊಬೈಲಿನಲ್ಲಿ ತುಂಬಬಲ್ಲರು, ತಮ್ಮ ಸ್ಕಾಲರ್‌ಶಿಪ್ ಅರ್ಜಿಗಿಂತ ಇದು ಕಷ್ಟವೇನಲ್ಲ.

ಆಸ್ಪತ್ರೆಯವರು ಹೇಳಿದ ದಿನ ಹಿರಿಯರನ್ನು ಕರೆದೊಯ್ಯಬೇಕು. ರಿಮ್ಸ್‌ನಂಥ ದೊಡ್ಡ ಆಸ್ಪತ್ರೆಗೆ ಬರಬೇಕಾದಾಗ ದೇವದುರ್ಗದ ಕಡೆಯ ಮನೆಗಳಿಗೆ ವಾಹನದ ಬಾಡಿಗೆಯೇ ಭಾರ. ವೈದ್ಯರ ಮುಂದೆ ನಮ್ಮವರು ಮಾಡುವ ಕೆಲಸವೊಂದಿದೆ. 'ಹೇಗಿದ್ದೀರಿ ಅಮ್ಮಾ?' ಎಂದರೆ 'ಅಲ್ಲಾಹನ ಕೃಪೆ, ಚೆನ್ನಾಗಿದ್ದೇನೆ' ಎನ್ನುತ್ತಾರೆ. ಶುಕ್ರ್ ಹೇಳುವುದು ನಮ್ಮ ಹಿರಿಯರ ಒಳ್ಳೆಯ ಗುಣ, ಆದರೆ ವೈದ್ಯರು ಕೇಳುತ್ತಿರುವುದು ಬೇರೆ. ಯಾರ ಸಹಾಯವಿಲ್ಲದೆ ವಜೂ ಮಾಡಬಲ್ಲರೇ, ತಾವೇ ಉಣ್ಣಬಲ್ಲರೇ, ರಾತ್ರಿ ಶೌಚಕ್ಕೆ ಯಾರು ಎಬ್ಬಿಸುತ್ತಾರೆ ಎಂಬುದನ್ನು ದಿನಾಲೂ ನೋಡಿಕೊಳ್ಳುವವರೇ ಹೇಳಬೇಕು. ಜೊತೆಗೆ ಹೋಗಬೇಕಾದವರು ಸೊಸೆಯೋ ಮಗಳೋ, ವರ್ಷಕ್ಕೊಮ್ಮೆ ಬೆಂಗಳೂರಿನಿಂದ ಬರುವ ಮಗನಲ್ಲ. ಹೆಚ್ಚು ಮಾಡಿ ಹೇಳುವುದು ಬೇಡ, ಇದ್ದದ್ದನ್ನು ಮುಚ್ಚಿಡುವುದೂ ಬೇಡ.

ಕಾರ್ಡಿನ ಬಣ್ಣಕ್ಕೆ ಅರ್ಥವಿದೆ. ಶೇ. 40ಕ್ಕಿಂತ ಕಡಿಮೆಯಿದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲ್ಪಟ್ಟರೆ ನೀಲಿ. ಮಾಸಾಶನಕ್ಕೆ ಕನಿಷ್ಠ ಶೇ. 40 ಬೇಕು. ಶೇಕಡಾವಾರು ಅನ್ಯಾಯವೆನಿಸಿದರೆ 90 ದಿನಗಳ ಒಳಗೆ ಮೇಲ್ಮನವಿ ಸಲ್ಲಿಸಬಹುದು. ಕಾರ್ಡು ತಾತ್ಕಾಲಿಕವೆಂದಿದ್ದರೆ ಮುಗಿಯುವ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ.

ಇನ್ನು ಮಾಸಾಶನದ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ನಮ್ಮ ರಾಜ್ಯದಲ್ಲಿ ಅಂಗವಿಕಲತೆ ಶೇ. 40ರಿಂದ 75ರ ಒಳಗಿದ್ದರೆ ತಿಂಗಳಿಗೆ 800 ರೂ., ಶೇ. 75 ಮತ್ತು ಮೇಲ್ಪಟ್ಟರೆ 1,400 ರೂ. 65 ದಾಟಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ 1,200 ರೂ. ಒಬ್ಬರಿಗೆ ಒಂದೇ ಮಾಸಾಶನ, ವಿಧವಾ ವೇತನವೂ ಈ ಲೆಕ್ಕದಲ್ಲೇ ಸೇರುತ್ತದೆ. ಈಗ ಒಂದು ಉದಾಹರಣೆ: 68 ವರ್ಷದ ತಾಯಿಗೆ ಸಂಧ್ಯಾ ಸುರಕ್ಷಾ ಬರುತ್ತಿದೆ, ಶೇ. 55ರ ಕಾರ್ಡು ಸಿಕ್ಕಿತು. ಅಂಗವಿಕಲ ಮಾಸಾಶನಕ್ಕೆ ಬದಲಾಯಿಸಿದರೆ ತಿಂಗಳಿಗೆ 400 ರೂ. ನಷ್ಟ! ಬದಲಾಯಿಸಬಾರದು. ಶೇ. 80 ಬಂದಿದ್ದರೆ 200 ರೂ. ಲಾಭ, ಆಗ ಬದಲಾಯಿಸಿ. ಅಂಗವಿಕಲರಿಗೆ ಕೊಡುವ ನೆರವು ಇತರರ ಅಂಥದೇ ಯೋಜನೆಗಿಂತ ಕನಿಷ್ಠ ಶೇ. 25 ಹೆಚ್ಚಿರಬೇಕೆಂದು ಅದೇ 2016ರ ಕಾಯ್ದೆಯ 24ನೇ ಕಲಂ ಹೇಳುತ್ತದೆ. 1,200ಕ್ಕೆ ಶೇ. 25 ಸೇರಿಸಿದರೆ 1,500. ಏಳನೆಯ ತರಗತಿಯ ಮಕ್ಕಳೂ ಮಾಡುವ ಈ ಲೆಕ್ಕ 1,400ಕ್ಕೂ ಕೂಡುವುದಿಲ್ಲ, 800ಕ್ಕಂತೂ ಇಲ್ಲವೇ ಇಲ್ಲ. ಬಲ್ಲ ದಾನಿಗಳು, ವಕೀಲ ಮಿತ್ರರು ಇದನ್ನು ಎತ್ತಿ ಕೇಳಬೇಕು.

ಮಾಸಾಶನದ ಅರ್ಜಿ ನಾಡಕಚೇರಿಯಲ್ಲಿ. ಆದಾಯದ ಮಿತಿ ವರ್ಷಕ್ಕೆ 32,000 ರೂ. ಮಗುವಿನ ವಿದ್ಯಾರ್ಥಿವೇತನಕ್ಕೆ ತೆಗೆಸಿದ, ತಂದೆಯ ಹೆಸರಿನ ಆದಾಯ ಪತ್ರವನ್ನೇ ಅಜ್ಜಿಯ ಅರ್ಜಿಗೆ ಲಗತ್ತಿಸಬೇಡಿ, ಅಜ್ಜಿಯ ಹೆಸರಿನಲ್ಲೇ ಬೇರೆ ತೆಗೆಸಿ. ಅರ್ಜಿ ಕೊಟ್ಟಾಗ ಸ್ವೀಕೃತಿ ಚೀಟಿ ಪಡೆಯಿರಿ. ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲೇ ಕೇಳಿ.

ನಮ್ಮ ಮೊಹಲ್ಲಾಗಳ ದೊಡ್ಡ ತೊಡಕೆಂದರೆ ಹೆಸರು. ಆಧಾರ್‌ನಲ್ಲಿ ಖಾಸಿಂಬೀ, ರೇಷನ್ ಕಾರ್ಡಿನಲ್ಲಿ ಕಾಶಿಂಬಿ, ಪಾಸ್‌ಬುಕ್ಕಿನಲ್ಲಿ ಖಾಸಿಂ ಬೇಗಂ. ಮೂವರೂ ಒಬ್ಬರೇ ಎಂದು ಓಣಿಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಿಲ್ಲ. ಅರ್ಜಿಗೆ ಮೊದಲೇ ಆಧಾರ್‌ನಂತೆ ಉಳಿದ ಎರಡನ್ನೂ ಸರಿಪಡಿಸಿ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂದು ಬ್ಯಾಂಕಿನಲ್ಲಿ ಕೇಳಿ, ಮಂಜೂರಾದ ಹಣ ಬಾರದಿರಲು ಎಷ್ಟೋ ಸಲ ಇದೇ ಕಾರಣ. ಹಾಸಿಗೆ ಹಿಡಿದವರಿಗೆ ಅಂಚೆ ಪೇಮೆಂಟ್ಸ್ ಬ್ಯಾಂಕ್ ಖಾತೆ ಅನುಕೂಲ, ಪೋಸ್ಟ್‌ಮ್ಯಾನ್ ಮನೆಗೇ ಬಂದು ಹೆಬ್ಬೆಟ್ಟು ಪಡೆದು ಹಣ ಕೊಡುತ್ತಾರೆ.

ಮಾಸಾಶನ ಬದಲಾಯಿಸದವರೂ ಕಾರ್ಡು ಮಾಡಿಸಿಕೊಳ್ಳಬೇಕು. ಹಿರಿಯ ನಾಗರಿಕರ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲಿ ನಿಂತಿತು. ಆದರೆ ಜೊತೆಗೊಬ್ಬರಿಲ್ಲದೆ ಪ್ರಯಾಣಿಸಲಾಗದ ಅಂಗವಿಕಲರಿಗೂ ಪೂರ್ತಿ ದೃಷ್ಟಿಯಿಲ್ಲದವರಿಗೂ, ಜೊತೆಗಾರರ ಸಮೇತ, ರಿಯಾಯಿತಿ ಇನ್ನೂ ಇದೆ. ಚಿಕಿತ್ಸೆಗೆ ಹೈದರಾಬಾದಿಗೆ ಹೋಗಿಬರುವವರಿಗೆ ಇದು ಸಣ್ಣ ಮಾತಲ್ಲ. ಗಾಲಿಕುರ್ಚಿ, ಊರುಗೋಲು, ಶ್ರವಣಯಂತ್ರ ಬೇಕಾದ ಬಡ ಹಿರಿಯರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ. ಮಾಹಿತಿಗೆ ಹಿರಿಯರ ಸಹಾಯವಾಣಿ 14567. ಪಾರ್ಕಿನ್ಸನ್ ಪೀಡಿತರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 1,000 ರೂ. ಪ್ರೋತ್ಸಾಹಧನವನ್ನು ರಾಜ್ಯ ಸರ್ಕಾರ 2024-25ರ ಬಜೆಟ್‌ನಲ್ಲಿ ಘೋಷಿಸಿದೆ. ಅಂಥ ರೋಗಿ ಮನೆಯಲ್ಲಿದ್ದರೆ ಜಿಲ್ಲಾ ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ದಾನಿಗಳಲ್ಲಿ ಒಂದು ಕೋರಿಕೆ. ತಪಾಸಣೆಯ ದಿನದ ವಾಹನ ಬಾಡಿಗೆಯನ್ನು ಒಬ್ಬೊಬ್ಬರು ಒಂದೊಂದು ಮನೆಗೆ ಹೊತ್ತುಕೊಂಡರೂ ನಿಂತಿರುವ ಅರ್ಜಿಗಳು ಮುಂದೆ ಸಾಗುತ್ತವೆ. ಕಾರಿದ್ದವರು ಕಾರನ್ನೇ ಒಂದು ದಿನಕ್ಕೆ ಕೊಟ್ಟರೆ ಇನ್ನೂ ಸಂತೋಷ. ಪಾಲಕರು ಈ ವರ್ಷದ ವಿದ್ಯಾರ್ಥಿವೇತನದ ಸಂದರ್ಶನಕ್ಕೆ ಬರುವಾಗ ಮಗುವಿನ ಅಂಕಪಟ್ಟಿಯ ಜೊತೆ ಮನೆಯ ಹಿರಿಯರ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್ ಮತ್ತು ಆಸ್ಪತ್ರೆಯ ಕಾಗದಗಳ ಆ ಚೀಲವನ್ನೂ ತನ್ನಿ. ಹೆಸರುಗಳನ್ನು ಹೋಲಿಸಿ, ಅರ್ಜಿ ತುಂಬಿಕೊಡಲು ನಾವು ಅಲ್ಲೇ ಒಂದು ಮೇಜು ಹಾಕಿಕೊಂಡು ಕೂತಿರುತ್ತೇವೆ, ಇನ್‌ಷಾ ಅಲ್ಲಾಹ್.