ಕಾಫಿಯ ಗಿರಿಗಳಲ್ಲಿ

ಚಿಕ್ಕಮಗಳೂರು ಪಟ್ಟಣದ ಉತ್ತರಕ್ಕೆ ಚಂದ್ರದ್ರೋಣ ಪರ್ವತಶ್ರೇಣಿಯು ಬಾಗಿದ ಬಿಲ್ಲಿನಂತೆ ಹಬ್ಬಿ ನಿಂತಿದೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿ ಇರುವುದು ಇಲ್ಲಿಯೇ. ಅದರ ಎತ್ತರ ಸುಮಾರು 1,930 ಮೀಟರುಗಳು. ಬಯಲುಸೀಮೆಯ ಬಿಸಿಲಿನಿಂದ ಬಂದ ಪ್ರವಾಸಿಯು ಬೆಟ್ಟದ ದಾರಿಯನ್ನು ಏರತೊಡಗಿದಂತೆ ತಂಗಾಳಿ ಮೈಯನ್ನು ಸೋಕುತ್ತದೆ. ದಾರಿಯ ಇಕ್ಕೆಲಗಳಲ್ಲಿಯೂ ದಟ್ಟವಾದ ಹಸುರು. ಅದನ್ನು ಅವನು ಕಾಡೆಂದೇ ಭಾವಿಸುತ್ತಾನೆ. ಆದರೆ ಸನಿಹಕ್ಕೆ ಹೋಗಿ ನೋಡಿದರೆ ಮರಗಳ ಅಡಿಯಲ್ಲಿ ಸಾಲುಸಾಲಾಗಿ ನಿಂತ ಕಾಫಿಯ ಗಿಡಗಳು ಕಾಣುತ್ತವೆ.

ಈ ಗಿಡ ಇಲ್ಲಿಯದಲ್ಲ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಎಂಬ ಸೂಫಿ ಸಂತರು ಮೆಕ್ಕಾ ಯಾತ್ರೆಯಿಂದ ಹಿಂದಿರುಗುವಾಗ ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿಯಿದೆ. ಇಂದು ಭಾರತದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಕರ್ನಾಟಕದಲ್ಲಿಯೇ ಬೆಳೆಯುತ್ತದೆ. ಕೊಡಗು, ಚಿಕ್ಕಮಗಳೂರು, ಹಾಸನ ಇದರ ಮುಖ್ಯ ನೆಲೆಗಳು.

ಕಾಫಿಯ ಬೆಳೆಗಾರನ ವರ್ಷವು ಒಂದು ಮಳೆಯನ್ನು ನಂಬಿಕೊಂಡಿದೆ. ಬೇಸಗೆಯ ಆರಂಭದಲ್ಲಿ ಬೀಳಬೇಕಾದ ಆ ಮಳೆಗೆ ಹೂಮಳೆ ಎಂದು ಹೆಸರು. ಅದು ಬಿದ್ದ ಎಂಟು ಹತ್ತು ದಿನಗಳಲ್ಲಿ ತೋಟವೆಲ್ಲ ಬಿಳಿಯ ಹೂವಿನಿಂದ ತುಂಬಿ, ಮಲ್ಲಿಗೆಯಂತಹ ಪರಿಮಳವನ್ನು ಸೂಸುತ್ತದೆ. ಮೂರು ನಾಲ್ಕು ದಿನಗಳಲ್ಲಿ ಹೂ ಬಾಡುತ್ತದೆ. ಮಳೆ ಕೈಕೊಟ್ಟರೆ ಹೂವೂ ಇಲ್ಲ, ಫಸಲೂ ಇಲ್ಲ. ನೀರಿನ ಅನುಕೂಲವುಳ್ಳವರು ತುಂತುರು ನೀರಾವರಿಯ ಮೊರೆಹೋಗುತ್ತಾರೆ. ಉಳಿದವರು ಆಕಾಶವನ್ನು ನೋಡುತ್ತ ಕುಳಿತಿರಬೇಕು.

ಅರೇಬಿಕಾ ತಳಿಯ ಹಣ್ಣುಗಳು ನವೆಂಬರಿನಿಂದ ಜನವರಿಯವರೆಗೆ ಮಾಗುತ್ತವೆ. ಆದರೆ ಎಲ್ಲವೂ ಒಮ್ಮೆಗೇ ಕೆಂಪಾಗುವುದಿಲ್ಲ. ಆದುದರಿಂದ ಕೂಲಿಯವರು ಅದೇ ಗಿಡಕ್ಕೆ ಮತ್ತೆ ಮತ್ತೆ ಬಂದು, ಮಾಗಿದ ಹಣ್ಣನ್ನಷ್ಟೇ ಆರಿಸಿ ಕೊಯ್ಯಬೇಕು. ಇಳಿಜಾರಿನಲ್ಲಿ ಕಾಲೂರಿ ನಿಂತು ನಡೆಸುವ ಈ ಕೆಲಸ ಸುಲಭದ್ದಲ್ಲ. ಸಂಸ್ಕರಿಸಿದ ಒಂದು ಕಿಲೋಗ್ರಾಂ ಬೀಜ ದೊರೆಯಲು ಸುಮಾರು ಐದಾರು ಕಿಲೋಗ್ರಾಂ ಹಣ್ಣು ಬೇಕು.

ತೋಟದ ಮೇಲೆ ಕೊಡೆಯಂತೆ ಹರಡಿದ ಅತ್ತಿ, ಬಸರಿ, ಹಲಸು, ಹಾಲುವಾಣ ಮೊದಲಾದ ಮರಗಳು ಬರಿಯ ಅಲಂಕಾರಕ್ಕಾಗಿ ಇಲ್ಲ. ಅವುಗಳ ಉದುರೆಲೆ ಗೊಬ್ಬರವಾಗುತ್ತದೆ. ಬೇರು ಮಣ್ಣನ್ನು ಹಿಡಿದಿಡುತ್ತದೆ. ಅರೇಬಿಕಾ ಗಿಡದ ಕಡುವೈರಿಯಾದ ಬಿಳಿ ಕಾಂಡಕೊರಕ ಕೀಟವು ಬಿಸಿಲು ಬೀಳುವ ಕಾಂಡದ ಮೇಲೆಯೇ ಹೆಚ್ಚಾಗಿ ಮೊಟ್ಟೆಯಿಡುತ್ತದೆ. ಅದು ಹೊಕ್ಕ ಗಿಡವನ್ನು ಕಿತ್ತು ಸುಡದೆ ಗತ್ಯಂತರವಿಲ್ಲ. ಇಂತಹ ಕೀಟ, ರೋಗಗಳಿಗೆ ಪರಿಹಾರವನ್ನು ಅರಸಲೆಂದು ಬಾಳೆಹೊನ್ನೂರಿನ ಬಳಿ 1925ರಲ್ಲಿಯೇ ಸಂಶೋಧನಾ ಕೇಂದ್ರವೊಂದು ಸ್ಥಾಪಿತವಾಯಿತು. ಆದರೂ ನೆರಳಿಗಿಂತ ಅಗ್ಗದ ಕಾವಲು ಇನ್ನೊಂದಿಲ್ಲ. ಬೆಳೆಗಾರರು ಮಳೆಗಾಲಕ್ಕೆ ಮುನ್ನ ‘ಮರಗಸಿ’ ಮಾಡಿಸಿ, ಕೊಂಬೆಗಳನ್ನು ಮಿತವಾಗಿ ಸವರಿಸುತ್ತಾರೆ. ಬಲ್ಲವರು ಮರವನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಮರದ ಬೆಲೆಗೆ ಆಸೆಪಟ್ಟು ತೋಟವನ್ನು ಬೋಳಾಗಿಸಿದವನು ಒಂದು ವರ್ಷ ಹಣವನ್ನು ಕಂಡು, ಹಲವು ವರ್ಷ ಮಣ್ಣನ್ನು ಕಳೆದುಕೊಳ್ಳುತ್ತಾನೆ.

ಆ ನಷ್ಟವು ಅವನೊಬ್ಬನದೇ ಅಲ್ಲ. ಶಿಖರದ ಮೇಲೆ ನಿಂತು ಪೂರ್ವಕ್ಕೆ ನೋಡಿದರೆ ಬಯಲುನಾಡು ದಿಗಂತದವರೆಗೂ ಹರಡಿದೆ. ಈ ಗಿರಿಗಳ ಮಡಿಲಿನಲ್ಲಿ ಹುಟ್ಟುವ ವೇದಾ ಮತ್ತು ಆವತಿ ಹೊಳೆಗಳು ಕೂಡಿ ವೇದಾವತಿಯಾಗಿ ಆ ಬಯಲಿಗೆ ಹರಿಯುತ್ತವೆ. ಚಿತ್ರದುರ್ಗ ಜಿಲ್ಲೆಯ ಹಿರಿಯೂರಿನ ಬಳಿಯಿರುವ ವಾಣಿವಿಲಾಸ ಸಾಗರಕ್ಕೆ ಆಧಾರ ಈ ನದಿಯೇ. ಬೆಟ್ಟದ ಮರ ನೆಲಕ್ಕುರುಳಿದರೆ ಬಯಲಿನ ಬಾವಿಗೂ ಅದರ ಪೆಟ್ಟು ತಟ್ಟದಿರದು.

ಸಂಜೆಯಾಗುತ್ತಲೇ ಮಂಜು ಕಣಿವೆಯನ್ನು ತುಂಬುತ್ತದೆ. ಪ್ರವಾಸಿಯು ಬೆಟ್ಟವಿಳಿದು, ದಾರಿಬದಿಯ ಅಂಗಡಿಯಲ್ಲಿ ಬಿಸಿಬಿಸಿಯಾದ ಕಾಫಿಯ ಲೋಟವನ್ನು ಕೈಗೆತ್ತಿಕೊಳ್ಳುತ್ತಾನೆ. ಬೆಳಿಗ್ಗೆ ಅದು ಅವನಿಗೆ ಒಂದು ಪಾನೀಯ ಮಾತ್ರವಾಗಿತ್ತು. ಈಗ ಅದರಲ್ಲಿ ಹೂಮಳೆಯಿದೆ, ಮರದ ನೆರಳಿದೆ, ಇಳಿಜಾರಿನಲ್ಲಿ ಹಣ್ಣು ಆರಿಸಿದ ಕೈಗಳ ದುಡಿಮೆಯಿದೆ.