ಸೀತಾಳೆ ಗಿಡದ ಹೆಸರನ್ನು ಪರೀಕ್ಷಿಸಿದ ಬಗೆ

ಔಷಧದ ಸೀಸೆ, ಗೊಬ್ಬರದ ಚೀಲ, ಪ್ರಯೋಗಶಾಲೆಯ ರೋಧಕ, ಇವುಗಳ ಮೇಲೆ ಅಂಟಿಸಿದ ಚೀಟಿಯನ್ನು ನಾವು ಪ್ರಶ್ನಿಸುವುದು ಅಪರೂಪ. ಆದರೆ ಚೀಟಿಯೆಂಬುದು ಯಾರೋ ಒಬ್ಬರು ಮಾಡಿದ ಹೇಳಿಕೆಯೇ ಹೊರತು ಪ್ರಮಾಣವಲ್ಲ. ಭೌತವಿಜ್ಞಾನವನ್ನು ಬೋಧಿಸುವ ನಮಗೆ ಈ ಪಾಠವನ್ನು ಕಲಿಸಿದ್ದು ಒಂದು ಹೂಗಿಡ.

ಕಳೆದ ವರ್ಷ ಜನವರಿಯಲ್ಲಿ ಶಿವಮೊಗ್ಗ ನಗರದ ಸಸ್ಯಪ್ರದರ್ಶನವೊಂದರಲ್ಲಿ ನಾವು ಒಂದು ಆರ್ಕಿಡ್ ಗಿಡವನ್ನು ಕೊಂಡೆವು. ಈ ಬಗೆಯ ಗಿಡಗಳನ್ನು ಮಲೆನಾಡಿನಲ್ಲಿ ಸೀತಾಳೆ ಎಂದು ಕರೆಯುವುದುಂಟು. ಗಿಡದಲ್ಲಿ ಹೂವಿರಲಿಲ್ಲ. ಚೀಟಿಯಲ್ಲಿ ‘ರಿಂಕೋಸ್ಟೈಲಿಸ್ ರೆಟ್ಯೂಸ’ ಎಂದಿತ್ತು. ಇದು ನಮ್ಮ ಸೀತಾಳೆ ದಂಡೆಯ ಶಾಸ್ತ್ರೀಯ ನಾಮ. ಅಸ್ಸಾಮಿನಲ್ಲಿ ಬಿಹು ಹಬ್ಬದಂದು ನರ್ತಕಿಯರು ಮುಡಿಯುವ ‘ಕೊಪೌ’ ಹೂವೂ ಇದೇ. ಗಿಡವನ್ನು ಭದ್ರಾವತಿಗೆ ತಂದು, ಮನೆಯಂಗಳದ ಮಾವಿನ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿದೆವು. ಚೀಟಿಯಲ್ಲಿದ್ದ ಹೆಸರನ್ನೇ ಫಲಕವೊಂದರ ಮೇಲೆ ಬರೆಸಿ ತೂಗುಹಾಕಿದೆವು. ನೋಡಲು ಬಂದ ವಿದ್ಯಾರ್ಥಿಗಳೆಲ್ಲರೂ ಅದನ್ನು ತಮ್ಮ ಪುಸ್ತಕಗಳಲ್ಲಿ ಬರೆದುಕೊಂಡರು.

ಅವರಲ್ಲಿ ಒಬ್ಬಳು ಮಾತ್ರ, “ಚೀಟಿ ನಿಜವೆಂದು ಹೇಗೆ ಗೊತ್ತು, ಸಾರ್?” ಎಂದು ಕೇಳಿದಳು.

ನಾವು ಮೂರು ಸಾಕ್ಷ್ಯಗಳನ್ನು ಮುಂದಿಟ್ಟೆವು. ಮೊದಲನೆಯದಾಗಿ, ಗಿಡಕ್ಕೆ ಗೆಡ್ಡೆಯಂಥ ಉಬ್ಬುಕಾಂಡವಿಲ್ಲ. ಒಂದೇ ಕಾಂಡ ಮೇಲ್ಮುಖವಾಗಿ ಬೆಳೆಯುತ್ತಿದೆ. ಎರಡನೆಯದಾಗಿ, ಪಟ್ಟಿಯಂಥ ಎಲೆಗಳ ತುದಿಯಲ್ಲಿ ಕಚ್ಚು ಇದೆ. ‘ರೆಟ್ಯೂಸ’ ಎಂಬ ಲ್ಯಾಟಿನ್ ಪದದ ಅರ್ಥವೂ ತುದಿ ಮೊಂಡಾಗಿ ಕಚ್ಚುಳ್ಳದ್ದು ಎಂದೇ. ಮೂರನೆಯದು ನಮ್ಮ ವಿಷಯಕ್ಕೇ ಸೇರಿದ್ದು. ಬೆಳ್ಳಿಯ ಬಣ್ಣದ ಒಣಬೇರಿನ ಮೇಲೆ ನೀರು ಚಿಮುಕಿಸಿದೊಡನೆ ಅದು ಹಸುರಾಯಿತು. ಇಂಥ ಬೇರಿನ ಹೊರಪದರ ಸ್ಪಂಜಿನಂತಿದ್ದು, ಅದರ ಸತ್ತ ಕೋಶಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ವಕ್ರೀಭವನಾಂಕ ಸುಮಾರು 1.00, ಕೋಶಭಿತ್ತಿಯದು ಅದಕ್ಕಿಂತ ಬಹಳ ಹೆಚ್ಚು. ಈ ಅಂತರದಿಂದಾಗಿ ಬೆಳಕು ಎಲ್ಲ ಕಡೆಗೂ ಚದರಿ ಬೇರು ಬೆಳ್ಳಗೆ ಕಾಣುತ್ತದೆ. ಗಾಳಿಯ ಸ್ಥಾನವನ್ನು 1.33 ವಕ್ರೀಭವನಾಂಕವುಳ್ಳ ನೀರು ಆಕ್ರಮಿಸಿದಾಗ ಅಂತರ ಕುಗ್ಗುತ್ತದೆ, ಬೆಳಕು ಒಳಕ್ಕೆ ಹಾಯುತ್ತದೆ, ಒಳಗಿನ ಪತ್ರಹರಿತ್ತು ಕಣ್ಣಿಗೆ ಬೀಳುತ್ತದೆ. ಬೋಂಡ ಕಟ್ಟಿದ ಕಾಗದ ಎಣ್ಣೆ ಹೀರಿ ಪಾರಭಾಸಕವಾಗುವುದೂ ಇದೇ ಕಾರಣದಿಂದ.

ವಿವರಣೆ ಸರಿಯಾಗಿಯೇ ಇತ್ತು. ಆದರೆ ಆ ಹುಡುಗಿ ಪುನಃ ಕೇಳಿದಳು: “ಈ ಮೂರು ಲಕ್ಷಣಗಳು ಬೇರೆ ಸೀತಾಳೆಗಳಲ್ಲಿ ಇಲ್ಲವೆ, ಸಾರ್?”

ಇವೆ. ನಮ್ಮ ಘಟ್ಟದ ಕಾಡುಗಳಲ್ಲಿಯೇ ಬೆಳೆಯುವ ‘ಏರಿಡಿಸ್’ ಎಂಬ ಕುಲದ ಗಿಡಗಳಿಗೂ ಇಂಥದೇ ಕಾಂಡ, ಇಂಥದೇ ಎಲೆ, ಇಂಥದೇ ಬೇರು. ನಮ್ಮ ಮೂರು ಸಾಕ್ಷ್ಯಗಳಲ್ಲಿ ಒಂದೂ ಇವೆರಡನ್ನು ಬೇರ್ಪಡಿಸಲು ಶಕ್ತವಾಗಿರಲಿಲ್ಲ. 1923ರಲ್ಲಿ ಕೆಲಸ ಆರಂಭಿಸಿದ ಕಬ್ಬಿಣದ ಕಾರ್ಖಾನೆಯಿಂದ ಹೆಸರಾದ ಊರಿನಲ್ಲಿದ್ದುಕೊಂಡು ನಾವು ಇಷ್ಟನ್ನು ಮರೆಯಬಾರದಿತ್ತು: ಒಂದು ಲೋಹದ ತುಂಡನ್ನು ಸೂಜಿಗಲ್ಲು ಸೆಳೆದ ಮಾತ್ರಕ್ಕೆ ಅದು ಕಬ್ಬಿಣವೆಂದು ಸಿದ್ಧವಾಗುವುದಿಲ್ಲ, ನಿಕ್ಕಲನ್ನೂ ಅದು ಸೆಳೆಯುತ್ತದೆ. ಇಬ್ಬರು ಅಭ್ಯರ್ಥಿಗಳೂ ತೇರ್ಗಡೆಯಾಗುವ ಪರೀಕ್ಷೆಯಿಂದ ಅವರಲ್ಲಿ ಒಬ್ಬನನ್ನು ಆರಿಸಲಾಗದು. ಎಲ್ಲಿ ಅವರು ಭಿನ್ನರೋ ಅಲ್ಲಿ ಪರೀಕ್ಷಿಸಬೇಕು.

ಆ ಭಿನ್ನತೆ ಇರುವುದು ಹೂವಿನಲ್ಲಿ. ಆರ್ಕಿಡ್ ಹೂವಿನ ದಳಗಳಲ್ಲಿ ಒಂದು ತುಟಿಯಂತೆ ರೂಪ ತಾಳಿರುತ್ತದೆ. ಹೂ ಬಿಡುವ ಮೊದಲೇ ನಾವು ಎರಡು ನಿರೀಕ್ಷೆಗಳನ್ನು ಕಾಗದದ ಮೇಲೆ ಬರೆದಿಟ್ಟೆವು. ರಿಂಕೋಸ್ಟೈಲಿಸ್ ಆಗಿದ್ದರೆ ತುಟಿ ಅಖಂಡವಾಗಿರಬೇಕು, ಅದರ ಬುಡದ ಚೀಲ ಚಪ್ಪಟೆಯಾಗಿ ಹಿಂದಕ್ಕೆ ಚಾಚಿರಬೇಕು, ಹೂಗಳು ಒತ್ತೊತ್ತಾಗಿರಬೇಕು. ಏರಿಡಿಸ್ ಆಗಿದ್ದರೆ ತುಟಿ ಮೂರು ಹಾಲೆಗಳಾಗಿ ಒಡೆದಿರಬೇಕು. ಚೀಲ ಕೊಂಬಿನಂತೆ ಮುಂದಕ್ಕೆ ಬಾಗಿರಬೇಕು. ಮೊದಲೇ ಬರೆದಿಟ್ಟದ್ದೇಕೆ? ಫಲಿತಾಂಶವನ್ನು ಕಂಡ ಮೇಲೆ ನಮ್ಮ ಮಾತನ್ನು ಅದಕ್ಕೆ ಹೊಂದಿಸಿಕೊಳ್ಳುವ ಚಾಪಲ್ಯ ಯಾರಿಗೂ ತಪ್ಪಿದ್ದಲ್ಲ.

ಮೇ ತಿಂಗಳ ಕೊನೆಯಲ್ಲಿ ಹೂಗೊಂಚಲು ಬಾಗಿ ಇಳಿಯಿತು. ಹೂಗಳು ಬಿಡಿಬಿಡಿಯಾಗಿದ್ದುವು, ನಸುಗೆಂಪು, ಸುವಾಸನೆಯುಳ್ಳವು. ಒಂದು ಹೂವನ್ನು ಕಿತ್ತು ಮಸೂರದ ಕೆಳಗೆ ಹಿಡಿದು, ಪ್ರಶ್ನೆ ಕೇಳಿದವಳ ಕೈಗೇ ಕೊಟ್ಟೆವು. ತುಟಿಗೆ ಮೂರು ಹಾಲೆ; ಅಗಲವಾದ ನಡುಹಾಲೆಯ ಅಂಚು ಸುಕ್ಕುಗಟ್ಟಿತ್ತು; ಕೊಂಬು ಮುಂದಕ್ಕೆ ಬಾಗಿತ್ತು. ಅಳತೆಪಟ್ಟಿಯಿಂದ ಅಳೆದಾಗ ಹೂವಿನ ಅಗಲ ಸುಮಾರು 3 ಸೆಂಟಿಮೀಟರ್. ಗಿಡ ‘ಏರಿಡಿಸ್ ಕ್ರಿಸ್ಪ’. ಪಶ್ಚಿಮ ಘಟ್ಟಗಳದೇ ಸಸ್ಯ. ‘ಕ್ರಿಸ್ಪ’ ಎಂದರೆ ಸುಕ್ಕುಗಟ್ಟಿದ್ದು. ಈ ಜಾತಿಗೆ ಸಹಜವಾದ ಕಾಂಡದ ಕಂದುನೇರಳೆ ಛಾಯೆಯನ್ನು ನಾವು ಜನವರಿಯಲ್ಲಿಯೇ ಕಂಡಿದ್ದೆವು. ಬಿಸಿಲಿನ ಪರಿಣಾಮವೆಂದು ತಳ್ಳಿಹಾಕಿದ್ದೆವು. ಒಪ್ಪಿಕೊಂಡ ಹೆಸರು ಕಣ್ಣನ್ನೂ ಮಂಕುಮಾಡುತ್ತದೆ.

ಒಂದು ಹೆಸರು ತಪ್ಪಿದರೇನಾಯಿತು ಎನ್ನಬಹುದು. ಆರ್ಕಿಡ್ ಬೀಜ ಧೂಳಿನಷ್ಟು ಸೂಕ್ಷ್ಮ. ಅದರಲ್ಲಿ ಆಹಾರದ ಸಂಗ್ರಹವಿಲ್ಲದ ಕಾರಣ, ಕಾಡಿನಲ್ಲಿ ತಕ್ಕ ಶಿಲೀಂಧ್ರದ ನೆರವಿಲ್ಲದೆ ಅದು ಮೊಳೆತು ಬೆಳೆಯಲಾರದು. ಆದುದರಿಂದ ಮರದಿಂದ ಕಿತ್ತ ಒಂದು ಗಿಡದ ಸ್ಥಾನವನ್ನು ಕಾಡು ಬೇಗನೆ ತುಂಬಿಕೊಡಲಾರದು. ದೇಶದೇಶಗಳ ನಡುವಣ ಆರ್ಕಿಡ್ ವ್ಯಾಪಾರವನ್ನು 1975ರಲ್ಲಿ ಜಾರಿಗೆ ಬಂದ ಅಂತರರಾಷ್ಟ್ರೀಯ ಒಪ್ಪಂದವೊಂದು ನಿಯಂತ್ರಿಸುತ್ತದೆ. ಹೆಸರೇ ತಪ್ಪಿದ್ದರೆ ಯಾವ ಜಾತಿ ಎಲ್ಲಿಂದ ಬಂದಿತು, ಎಷ್ಟು ಉಳಿದಿದೆ ಎಂಬ ಲೆಕ್ಕವೂ ತಪ್ಪುತ್ತದೆ. ಕೊಳ್ಳುವಾಗ ನಾವು ಬೆಲೆಯನ್ನು ವಿಚಾರಿಸಿದ್ದೆವು. ಗಿಡವನ್ನು ಬೆಳೆಸಿದ್ದು ಎಲ್ಲಿ ಎಂದು ವಿಚಾರಿಸಿರಲಿಲ್ಲ. ಇದು ನಮ್ಮ ಎರಡನೆಯ ತಪ್ಪು.

ಈಗ ಮಾವಿನ ಮರದಲ್ಲಿ ಹೊಸ ಫಲಕವಿದೆ. ಅದರಲ್ಲಿ ಹೆಸರಿನ ಜೊತೆಗೆ ಗುರುತಿಸಿದ ದಿನವನ್ನೂ ಗುರುತಿಸಲು ಆಧಾರವಾದ ಲಕ್ಷಣಗಳನ್ನೂ ಬರೆದಿದ್ದೇವೆ. ಮುಂದೆ ಯಾರಾದರೂ ಸಂದೇಹಪಟ್ಟರೆ ಅವರು ನಮ್ಮನ್ನು ನಂಬಬೇಕಾಗಿಲ್ಲ. ಹೂವನ್ನು ನೋಡಿದರೆ ಸಾಕು. ವಿದ್ಯಾರ್ಥಿಗಳೆಲ್ಲರೂ ತಮ್ಮ ಪುಸ್ತಕದಲ್ಲಿದ್ದ ಹಳೆಯ ಹೆಸರನ್ನು ತಿದ್ದಿಕೊಂಡರು. ಆ ಹುಡುಗಿ ಮೊದಲ ದಿನ ಹೆಸರಿನ ಮುಂದೆ ಪ್ರಶ್ನಚಿಹ್ನೆಯೊಂದನ್ನು ಹಾಕಿಕೊಂಡಿದ್ದಳೆಂದು ಅಂದು ನಮಗೆ ತಿಳಿಯಿತು.